ಶಿರಸಿ ಕಡೆಯ ತೋಟದ ಮನೆಗೆ ಕಾರ್ ಚಾರ್ಜರ್: 3.3 ಕಿಲೋವ್ಯಾಟ್ ಸಾಕೇ, 7.2 ಬೇಕೇ?

ಪ್ರಶ್ನೆ: ಶಿರಸಿ ಸಮೀಪದ ತೋಟದ ಮನೆಯವರು

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನಮ್ಮ ಮನೆಗೆ 45 ಕಿಲೋವ್ಯಾಟ್ ಅವರ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿ ಬರಲಿದ್ದು, ಅಷ್ಟರೊಳಗೆ ಚಾರ್ಜರ್ ಯಾವುದೆಂದು ತೀರ್ಮಾನಿಸಬೇಕಾಗಿದೆ. ನನ್ನ ಮುಂದಿರುವವು ಮೂರು: 16 ಆಂಪಿಯರ್ ಸಾಕೆಟ್ಟಿಗೆ ಹಚ್ಚುವ 3.3 ಕಿಲೋವ್ಯಾಟಿನ ಪೋರ್ಟಬಲ್ ಚಾರ್ಜರ್, ಗೋಡೆಗೆ ಕೂರಿಸುವ 7.2 ಕಿಲೋವ್ಯಾಟಿನ ಸಾದಾ ಪೆಟ್ಟಿಗೆ, ಮತ್ತು ಅಷ್ಟೇ ಸಾಮರ್ಥ್ಯದ, ಮೊಬೈಲ್ ಆ್ಯಪ್‌ನಿಂದ ನಡೆಯುವ ದುಬಾರಿ ಪೆಟ್ಟಿಗೆ.

ದಿನದ ಓಡಾಟ ಶಿರಸಿ ಪೇಟೆಗೆ ಹೋಗಿಬರುವ 28 ಕಿಲೋಮೀಟರ್ ಮಾತ್ರ. ತಿಂಗಳಿಗೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟೆಗೆ, ಒಮ್ಮೆ ಹುಬ್ಬಳ್ಳಿಗೆ ಹೋಗುವುದುಂಟು. ಮೀಟರ್ ಬೋರ್ಡ್ ಜಗಲಿಯಲ್ಲಿದೆ; ಕಾರು ನಿಲ್ಲುವುದು ಅಂಗಳದಾಚೆ ಕೊಟ್ಟಿಗೆಗೆ ತಾಗಿದ ತಗಡಿನ ಮಾಡಿನ ಕೆಳಗೆ. ವಯರ್ ಹೋಗಬೇಕಾದ ದಾರಿಯನ್ನು ಟೇಪು ಹಿಡಿದು ಅಳೆದರೆ 40 ಮೀಟರ್ ಆಗುತ್ತದೆ. ತೋಟದ ಪಂಪಿನ ಮನೆ ಅಲ್ಲಿಂದ ಹತ್ತೇ ಹೆಜ್ಜೆ. ಆ ಲೈನಿನಿಂದಲೇ ತೆಗೆದುಕೊಳ್ಳಬಹುದೇ ಎಂಬ ಆಲೋಚನೆಯೂ ಇದೆ.

ಇಷ್ಟು ವಿವರವಾಗಿ ಕೇಳಲು ಒಂದು ಕಾರಣವಿದೆ. ಕಳೆದ ದೀಪಾವಳಿಗೆ ತಂಗಿಯ ಮನೆಯವರು ತಮ್ಮ ಎಲೆಕ್ಟ್ರಿಕ್ ಕಾರಿನಲ್ಲಿ ಬಂದಾಗ ಕೊಟ್ಟಿಗೆಯ ಹಳೆಯ 15 ಆಂಪಿಯರ್ ಸಾಕೆಟ್ಟಿಗೆ ಪ್ಲಗ್ ಹಚ್ಚಿದ್ದೆವು. ಎರಡು ತಾಸಿನ ಮೇಲೆ ಹಾಲು ಕರೆಯಲು ಹೋದ ನನ್ನ ಹೆಂಡತಿಗೆ ಕರಕಲು ವಾಸನೆ ಬಂತು. ಮೇನ್ ಆರಿಸಿ ಪ್ಲಗ್ ಕಿತ್ತರೆ ಸಾಕೆಟ್ಟಿನ ಒಂದು ತೂತು ಕಂದುಬಣ್ಣಕ್ಕೆ ತಿರುಗಿ ಕರಗಿ, ಪ್ಲಗ್ಗಿನ ಪಿನ್ನಿಗೆ ಪ್ಲಾಸ್ಟಿಕ್ ನೂಲಿನಂತೆ ಅಂಟಿಕೊಂಡಿತ್ತು. ಮೇಲೆಯೇ ಒಣಹುಲ್ಲಿನ ಅಟ್ಟವಿದೆ.

ಉತ್ತರ: ಕುಮಟೆಯ ವಿದ್ಯುತ್ ಗುತ್ತಿಗೆದಾರ

ಅಂದು ತಮ್ಮ ಮನೆಯವರಿಗೆ ವಾಸನೆ ತಿಳಿದದ್ದು ದೊಡ್ಡದಾಯಿತು. ಗೀಸರ್ ಅರ್ಧ ತಾಸು ಉರಿದು ನಿಲ್ಲುತ್ತದೆ, ಆದರೆ ಕಾರು 14–15 ಆಂಪಿಯರನ್ನು ರಾತ್ರಿಯಿಡೀ ಒಂದೇ ಸಮನೆ ಎಳೆಯುತ್ತದೆ. ಹಿಡಿತ ಸಡಿಲಾದ ಹಳೆಯ ಸಾಕೆಟ್ ಅದನ್ನು ತಾಳುವುದಿಲ್ಲ. 3.3 ಸಾಕು ಎಂದಾದರೂ ಅದಕ್ಕೆಂದೇ ಬೇರೆ ವಯರ್, ಬೇರೆ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಆರುವ ಸ್ವಿಚ್ಚು) ಮತ್ತು ಇಂಡಸ್ಟ್ರಿಯಲ್ ಸಾಕೆಟ್ ಬೇಕೇ ಬೇಕು.

ಗೋಡೆಯ ಪೆಟ್ಟಿಗೆಯನ್ನು ನಾವು ಚಾರ್ಜರ್ ಎಂದು ಕರೆದರೂ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಎಸಿ ವಿದ್ಯುತ್ತನ್ನು ಡಿಸಿಗೆ ಬದಲಿಸುವುದು ಅದೇ. ಪೆಟ್ಟಿಗೆ ಕಾರಿನೊಂದಿಗೆ ಮಾತಾಡಿ ಕರೆಂಟು ಬಿಡುವ, ತಡೆಯುವ ಸ್ವಿಚ್ಚು ಮಾತ್ರ. ಆದ್ದರಿಂದ 7.2ರ ಎರಡು ಪೆಟ್ಟಿಗೆಗಳಲ್ಲಿ ದುಬಾರಿಯದು ಬೇಗ ಚಾರ್ಜ್ ಮಾಡುವುದಿಲ್ಲ. ಬರಿದಾದ 45ರ ಬ್ಯಾಟರಿ ತುಂಬಲು ನಷ್ಟವೂ ಸೇರಿ 7.2ರಲ್ಲಿ ಸುಮಾರು 7 ತಾಸು, 3.3ರಲ್ಲಿ ಸುಮಾರು 15 ತಾಸು ಬೇಕು.

ನನ್ನ ಅನುಭವದಲ್ಲಿ ಪೆಟ್ಟಿಗೆಗಿಂತ ಅದರ ಹಿಂದಿನ ಕೆಲಸ ಮುಖ್ಯ. 32 ಆಂಪಿಯರಿಗೆ 6 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಎಳೆದರೆ ತಮ್ಮ 40 ಮೀಟರ್ ದೂರದಲ್ಲಿ ಹೋಗಿಬರುವ ದಾರಿಗೆ ಸುಮಾರು 8 ವೋಲ್ಟ್ ಕಳೆದುಹೋಗುತ್ತದೆ. 10 ಚದರ ಮಿಲಿಮೀಟರಿನದಾದರೆ ಸುಮಾರು 5 ವೋಲ್ಟ್. ಪಟ್ಟಣದಲ್ಲಿ ಇದು ದೊಡ್ಡ ಮಾತಲ್ಲ; ಬೇಸಿಗೆಯಲ್ಲಿ ಊರಿನ ಪಂಪುಗಳೆಲ್ಲ ಒಟ್ಟಿಗೆ ತಿರುಗಿ ವೋಲ್ಟೇಜ್ 190ಕ್ಕೆ ಇಳಿಯುವ ಕಡೆ ಆ 3 ವೋಲ್ಟೂ ಬೆಲೆಯುಳ್ಳದ್ದು. ಕಡಿಮೆ ವೋಲ್ಟೇಜಿಗೆ ಪೆಟ್ಟಿಗೆ ತಾನಾಗಿ ನಿಲ್ಲುವುದರಿಂದ, ಕರೆಂಟನ್ನು 10, 16, 24, 32 ಆಂಪಿಯರ್ ಎಂದು ಇಳಿಸಿ ಏರಿಸುವ ಸೌಲಭ್ಯ ಇರುವುದನ್ನೇ ಆರಿಸಿರಿ.

ಅರ್ಥಿಂಗ್ ವಿಷಯದಲ್ಲಿ ಅಲಕ್ಷ್ಯ ಬೇಡ. ನಮ್ಮ ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆಯಾಗಿದ್ದು ಒಳ್ಳೆಯ ಅರ್ಥ್ ಕೊಡುತ್ತದೆ. ಏಪ್ರಿಲಿನಲ್ಲಿ ಅದೇ ಗುಂಡಿ ಒಣಗಿ ಹೋಗಿ, ಪೆಟ್ಟಿಗೆ ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತದೆ. ಬಚ್ಚಲ ನೀರು ಹರಿದುಹೋಗುವ ಕಡೆ, ವರ್ಷವಿಡೀ ತಂಪಿರುವ ಜಾಗದಲ್ಲಿ ಹೊಸ ಗುಂಡಿ ತೆಗೆಸಿರಿ. 30 ಮಿಲಿಆಂಪಿಯರ್ ಸೋರಿದೊಡನೆ ಲೈನು ಕಡಿಯುವ ಆರ್‌ಸಿಸಿಬಿ ಕಡ್ಡಾಯ. ಮಾಮೂಲಿ ಎಸಿ ಟೈಪಿನದು ಕಾರಿನಿಂದ ಸೋರಬಹುದಾದ ಡಿಸಿ ಕರೆಂಟಿಗೆ ಕುರುಡಾಗುತ್ತದೆ. ಹಾಗಾಗಿ ಪೆಟ್ಟಿಗೆಯಲ್ಲಿ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದ್ದರೆ ಎ ಟೈಪ್, ಇಲ್ಲದಿದ್ದರೆ ಬಿ ಟೈಪ್ ಹಾಕಿಸಬೇಕು. ಅಂಗಡಿಯಲ್ಲಿ ಇದೊಂದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಪಂಪಿನ ಲೈನನ್ನು ದಯವಿಟ್ಟು ಮುಟ್ಟಬೇಡಿ. ನೀರಾವರಿಗೆಂದು ಕೊಟ್ಟ ಸಂಪರ್ಕದಿಂದ ಕಾರು ಚಾರ್ಜ್ ಮಾಡಿದರೆ ಅದು ವಿದ್ಯುಚ್ಛಕ್ತಿ ಕಾಯ್ದೆ 2003ರ 126ನೇ ಕಲಮಿನಂತೆ ಅನಧಿಕೃತ ಬಳಕೆಯಾಗುತ್ತದೆ. ಮನೆಯ ಸಂಪರ್ಕದಿಂದ ಸ್ವಂತ ಕಾರು ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯೇ ಅವಕಾಶ ಕೊಟ್ಟಿದೆ.

ಉತ್ತರ: ಸಿದ್ದಾಪುರದಿಂದ

ನಾನು ಎರಡು ವರ್ಷದಿಂದ 3.3ರಲ್ಲಿಯೇ ನಡೆಸುತ್ತಿದ್ದೇನೆ. ತಮ್ಮ 28 ಕಿಲೋಮೀಟರಿಗೆ ಬೇಕಾಗುವುದು ಹೆಚ್ಚೆಂದರೆ 4–5 ಯೂನಿಟ್. ಒಂದೂವರೆ ತಾಸಿನಲ್ಲಿ ಮುಗಿಯುತ್ತದೆ. ತೊಂದರೆ ಬರುವುದು ಮಳೆಗಾಲದಲ್ಲಿ. ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋಗಿ, ರಾತ್ರಿ ನಾಲ್ಕು ತಾಸು ಬಂದು ಮತ್ತೆ ಹೋದಾಗ, ಆ ನಾಲ್ಕು ತಾಸಿನಲ್ಲಿ 7.2 ಆಗಿದ್ದರೆ ಕುಮಟೆಗೆ ಹೋಗಿ ಬರುವಷ್ಟು ತುಂಬುತ್ತಿತ್ತಲ್ಲ ಎಂದು ಅನ್ನಿಸಿದ್ದುಂಟು. ಆದ್ದರಿಂದ ಕರೆಂಟು ಮರಳಿದಾಗ ತಾನಾಗಿಯೇ ಮತ್ತೆ ಶುರುವಾಗುತ್ತದೆಯೇ ಎಂದು ಅಂಗಡಿಯವರ ಎದುರೇ ಮೇನ್ ಆರಿಸಿ ಹಾಕಿ ಪರೀಕ್ಷಿಸಿರಿ.

ಆ್ಯಪ್ ಇರುವ ಪೆಟ್ಟಿಗೆಯನ್ನು ನಮ್ಮ ನೆಂಟರೊಬ್ಬರು ಹಾಕಿಸಿಕೊಂಡರು. ಅವರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಗುಡ್ಡದ ತಲೆಯಲ್ಲಿ ಮಾತ್ರ. ಕಾರು ಕೆಳಗೆ, ಸಿಗ್ನಲ್ ಮೇಲೆ. ಕೊನೆಗೆ ಕಾರ್ಡು ಮುಟ್ಟಿಸಿ ಶುರುಮಾಡುವ ವಿಧಾನಕ್ಕೆ ಬದಲಿಸಿಕೊಂಡರು.

ಗೃಹಜ್ಯೋತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ತಿಂಗಳಿಗೆ 1,100 ಕಿಲೋಮೀಟರ್ ಓಡಿದರೆ ನಷ್ಟವೂ ಸೇರಿ ಸುಮಾರು 170 ಯೂನಿಟ್ ಆಗುತ್ತದೆ. ಮನೆಯ ಬಳಕೆಯೂ ಸೇರಿ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ನಾವೇ ಕಟ್ಟಬೇಕು. ಹಾಗೆ ಕಟ್ಟಿದರೂ ಪೆಟ್ರೋಲಿಗಿಂತ ಬಹಳ ಅಗ್ಗ, ಆದರೆ ಮೊದಲೇ ತಿಳಿದಿರಲಿ. ಮಂಜೂರಾದ ಲೋಡ್ ಎಷ್ಟಿದೆಯೆಂದು ಬಿಲ್ಲಿನಲ್ಲಿ ನೋಡಿ, 7.2 ಹಾಕುವುದಾದರೆ ಹೆಸ್ಕಾಂ ಉಪವಿಭಾಗದಲ್ಲಿ ಹೆಚ್ಚಿಸಿಕೊಳ್ಳಬೇಕು.

ಕುಮಟೆಗೆ ಹೊರಡುವ ದಿನ ನೂರಕ್ಕೆ ನೂರು ತುಂಬಿಸಬೇಡಿ. ಬ್ಯಾಟರಿ ಭರ್ತಿಯಿದ್ದರೆ ಘಟ್ಟ ಇಳಿಯುವಾಗ ಬ್ರೇಕಿನಿಂದ ಹುಟ್ಟುವ ಕರೆಂಟಿಗೆ ಒಳಗೆ ಜಾಗವಿರುವುದಿಲ್ಲ.

ಉತ್ತರ: ಕಾರವಾರದಿಂದ

ಸಮುದ್ರದಿಂದ ಅರ್ಧ ಕಿಲೋಮೀಟರಿನಲ್ಲಿರುವವನ ಅನುಭವವಿದು, ಆದರೂ ಘಟ್ಟದ ಮೇಲಿನ ಮಳೆಗೂ ಸಲ್ಲುತ್ತದೆ. ನನ್ನದು ಐಪಿ 65, ಅಂದರೆ ದೂಳೂ ನೀರಿನ ಧಾರೆಯೂ ಒಳಹೋಗದು ಎಂದು ಬರೆದಿದ್ದ ಪೆಟ್ಟಿಗೆ. ಹದಿನಾಲ್ಕು ತಿಂಗಳಿಗೆ ಕೆಟ್ಟಿತು. ಮುಚ್ಚಳ ಬಿಚ್ಚಿದಾಗ ತಾಮ್ರದ ಟರ್ಮಿನಲ್ಲುಗಳ ಮೇಲೆ ಹಸಿರು ಕಿಲುಬು ಪುಡಿಪುಡಿಯಾಗಿ ನಿಂತಿತ್ತು, ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆಗಳಿದ್ದವು. ಕೂರಿಸಿದವರು ಕೇಬಲನ್ನು ಮೇಲಿನಿಂದ ಒಳಗೆ ಬಿಟ್ಟು ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತಲಿನ ಸಂದು ಮುಚ್ಚುವ ಬಿರಡೆ) ಹಾಕದೇ ಹೋಗಿದ್ದರು. ಕೇಬಲ್ ಕೆಳಗಿನಿಂದಲೇ ಒಳಹೋಗಬೇಕು, ಹೋಗುವ ಮೊದಲು ಸ್ವಲ್ಪ ಜೋತು ಬಿದ್ದಿರಬೇಕು. ಆಗ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಕಾರಿಗೆ ಚುಚ್ಚುವ ಗನ್ನನ್ನು ಬಾಯಿ ಕೆಳಗಾಗಿ ತೂಗುಹಾಕಿರಿ. ಸಿಡಿಲಿನ ಕಾಲಕ್ಕೆ ಬೋರ್ಡಿನಲ್ಲಿ ಸರ್ಜ್ ರಕ್ಷಕ ಇರಲಿ. ಗುಡುಗು ಶುರುವಾದೊಡನೆ ನಾನು ಗನ್ನನ್ನೂ ತೆಗೆದುಬಿಡುತ್ತೇನೆ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಶಿರಸಿಯಿಂದ ಕೆಲಸದವರನ್ನು ಕರೆಸಿ ಅಳೆಸಿದೆವು. ಸಂಜೆ 7ಕ್ಕೆ 196 ವೋಲ್ಟ್ ಇದ್ದದ್ದು ರಾತ್ರಿ 11ರ ಮೇಲೆ 224ಕ್ಕೆ ಏರಿತು. ಆದ್ದರಿಂದ ಕರೆಂಟು ಇಳಿಸಬಹುದಾದ 7.2ರ ಸಾದಾ ಪೆಟ್ಟಿಗೆಯನ್ನು, 10 ಚದರ ಮಿಲಿಮೀಟರ್ ಕೇಬಲ್ ಮತ್ತು ಬಚ್ಚಲ ಹಿಂದಿನ ಹೊಸ ಅರ್ಥ್ ಗುಂಡಿಯೊಂದಿಗೆ ಹಾಕಿಸುವುದೆಂದು ನಿಶ್ಚಯಿಸಿದ್ದೇವೆ. ಲೋಡ್ ಹೆಚ್ಚಿಸಲು ಅರ್ಜಿಯನ್ನೂ ಕೊಟ್ಟೆ. ಮಂಜೂರಾಗುವವರೆಗೆ 10 ಆಂಪಿಯರಿನಲ್ಲಿ ನಡೆಸುತ್ತೇವೆ. ಒಂದು ಸಂಶಯ ಉಳಿದಿದೆ: ಕೇಬಲ್ ಅಂಗಳದ ಅಡಿಯಲ್ಲಿ ಹೋಗಬೇಕು, ಆದರೆ ಅಡಕೆ ಒಣಗಿಸುವ ಅಟ್ಟಕ್ಕಾಗಿ ಅಲ್ಲಿ ಪ್ರತಿವರ್ಷ ಕಂಬದ ಕುಳಿ ತೋಡುತ್ತೇವೆ.

ಉತ್ತರ: ಕುಮಟೆಯ ವಿದ್ಯುತ್ ಗುತ್ತಿಗೆದಾರ

ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲನ್ನೇ ತರಿಸಿ, 75 ಸೆಂಟಿಮೀಟರ್ ಆಳದಲ್ಲಿ ಮರಳು ಹಾಸಿ, ಮೇಲೆ ಇಟ್ಟಿಗೆಯ ಸಾಲು ಮುಚ್ಚಿಸಿರಿ. ಅಂಗಳದ ನಡುವೆ ಬೇಡ, ತುಳಸಿಕಟ್ಟೆಯ ಆಚೆಯ ಅಂಚಿನಲ್ಲಿ ಸುತ್ತು ಹಾಕಿಸಿದರೆ ಆರೇಳು ಮೀಟರ್ ಹೆಚ್ಚಾಗುತ್ತದೆ ಅಷ್ಟೆ. ಮಣ್ಣು ಮುಚ್ಚುವ ಮೊದಲು ಫೋಟೋ ತೆಗೆದು, ಗೋಡೆಯಿಂದ ಎಷ್ಟು ಅಡಿ ದೂರವೆಂದು ಬೋರ್ಡಿನ ಬಾಗಿಲ ಒಳಗೆ ಬರೆದಿಡಿರಿ. ಹಾರೆ ಹಿಡಿಯುವವರು ಪ್ರತಿವರ್ಷ ಅದೇ ಜನ ಆಗಿರುವುದಿಲ್ಲ.