ಲಂಟಾನದ ಬೇಲಿ ತೆಗೆದ ಜಾಗಕ್ಕೆ ಯಾವ ಗಿಡ ಸೂಕ್ತ?

ಪ್ರಶ್ನೆ:
ತೀರ್ಥಹಳ್ಳಿಯ ಹೊರವಲಯದಲ್ಲಿರುವ ನಮ್ಮ ಹಿತ್ತಿಲಿಗೆ ಹಿಂದಿನವರು ಬಿಟ್ಟುಹೋದ ಲಂಟಾನದ ಬೇಲಿಯಿದೆ. ಅದನ್ನು ತೆಗೆದು ನಮ್ಮ ಸೀಮೆಯದೇ ಗಿಡಗಳನ್ನು ನೆಡಬೇಕೆಂದಿದ್ದೇವೆ. ಆದರೆ ಆ ಹೂವಿಗೆ ದಿನವೂ ಚಿಟ್ಟೆಗಳು ಮುತ್ತುವುದರಿಂದ, ಬೇಲಿ ಕಿತ್ತರೆ ಅವೂ ಹೋಗುತ್ತವೆ ಎಂಬುದು ಮನೆಯವರ ಆಕ್ಷೇಪ. ದನ ನುಗ್ಗದಂತೆಯೂ ನೋಡಿಕೊಳ್ಳಬೇಕು. ಸೀತಾ ಅಶೋಕ ಮತ್ತು ಈಶ್ವರಿ ಬಳ್ಳಿಯನ್ನು ಪಕ್ಕದ ಕಾಡಿನಿಂದ ಕಿತ್ತು ತರಬಹುದೇ?

ಉತ್ತರ 1:
ಮನೆಯವರು ಕಂಡದ್ದು ನಿಜ. ಲಂಟಾನದಲ್ಲಿ ಮಕರಂದ ಧಾರಾಳವಾಗಿದೆ. ಆದರೆ ಚಿಟ್ಟೆ ಮೊಟ್ಟೆಯಿಡುವುದು ಮರಿಹುಳು ತಿನ್ನಬಲ್ಲ ಎಲೆಯ ಮೇಲೆ ಮಾತ್ರ, ಮತ್ತು ನಮ್ಮ ಚಿಟ್ಟೆಗಳಿಗೆ ಆ ಎಲೆ ಲಂಟಾನದಲ್ಲಿ ಸಿಗುವುದಿಲ್ಲ. ನಿಮ್ಮ ಕರಿಬೇವಿನ ಗಿಡವನ್ನೇ ಗಮನಿಸಿ: ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಕೊನೆಯ ಪೊರೆ ಕಳಚಿದ ಮೇಲೆ ಹಸಿರಾಗುತ್ತದೆ, ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಅಂಗವನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಅದಕ್ಕೆ ಔಷಧ ಹೊಡೆಯುತ್ತ ಚಿಟ್ಟೆ ಬೇಕೆನ್ನುವುದರಲ್ಲಿ ಅರ್ಥವಿಲ್ಲ. ಎಕ್ಕದ ಮೇಲೆ ಪ್ಲೇನ್ ಟೈಗರ್, ಕಕ್ಕೆ ಮರದ ಮೇಲೆ ಎಮಿಗ್ರಂಟ್ ಚಿಟ್ಟೆಗಳು ಬೆಳೆಯುತ್ತವೆ. ಈಶ್ವರಿ ಬಳ್ಳಿಯಂತೂ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಗಳಿಗೆ ಆಹಾರ. ಮಕರಂದದ ಚಿಂತೆಯಿದ್ದರೆ ಕೆಂಪು ಕೇಪಳ ಮತ್ತು ಬೆಳ್ಳಟ್ಟೆ ನೆಡಿ.

ಉತ್ತರ 2:
ಬೇಲಿಗೆ ನನ್ನ ಆಯ್ಕೆ ಆಡುಸೋಗೆ ಮತ್ತು ಲಕ್ಕಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವಾಗಲೂ ಆಡುಸೋಗೆಯನ್ನು ಹೊರತುಪಡಿಸಿಯೇ ಹೇಳುತ್ತಾರೆ. ದನಗಳೂ ಅದಕ್ಕೆ ಬಾಯಿ ಹಾಕುವುದು ಅಪರೂಪ. ಎರಡೂ ಮಳೆ ಹಿಡಿದಾಗ ನೆಟ್ಟ ಕಡ್ಡಿಯಿಂದಲೇ ಚಿಗುರುತ್ತವೆ. ಲಂಟಾನವನ್ನು ಮೇಲಿಂದ ಕಡಿದರೆ ಇನ್ನಷ್ಟು ದಟ್ಟವಾಗಿ ಬರುತ್ತದೆ. ಬುಡದ ಚಿಗುರೊಡೆಯುವ ಗಂಟಿನ ಕೆಳಗೆ, ಮಣ್ಣಿನೊಳಗೆ ತಾಯಿಬೇರನ್ನು ಕತ್ತರಿಸಿ, ಬುಡವನ್ನು ತಲೆಕೆಳಗಾಗಿಟ್ಟು ಒಣಗಿಸಬೇಕು. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೂ ಒಯ್ಯುವುದರಿಂದ, ಕಾಯಿ ಮಾಗುವ ಮೊದಲೇ ಈ ಕೆಲಸ ಮುಗಿಸುವುದು ಒಳ್ಳೆಯದು. ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಲಂಟಾನ ಎಷ್ಟು ಹಬ್ಬಿದೆಯೆಂದು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಉತ್ತರ 3:
ಕಾಡಿನಿಂದ ಕಿತ್ತು ತರುವುದು ಬೇಡವೇ ಬೇಡ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಸಸಿ ತೆಗೆಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಕಾನೂನಿನ ಮಾತು ಹಾಗಿರಲಿ, ಅಶೋಕಾರಿಷ್ಟ ಮೊದಲಾದ ಔಷಧಗಳಿಗೆಂದು ತೊಗಟೆ ಸುಲಿದು ಸುಲಿದು ಸೀತಾ ಅಶೋಕ ಈಗಾಗಲೇ ಅಪಾಯದಂಚಿನ ಮರಗಳ ಪಟ್ಟಿ ಸೇರಿದೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲದ ಆರಂಭಕ್ಕೆ ವಿಚಾರಿಸಿ. ಖಾಸಗಿ ನರ್ಸರಿಗಳಲ್ಲಿ ಅಶೋಕವೆಂದು ಕೇಳಿದರೆ ನೆಟ್ಟಗೆ ಬೆಳೆಯುವ ಕಂಬದ ಅಶೋಕವನ್ನೇ ಕೊಡುವುದು ಹೆಚ್ಚು. ಸೀತಾ ಅಶೋಕದ ಎಳೆಯ ಚಿಗುರು ತಾಮ್ರವರ್ಣದ್ದಾಗಿ ಜೋತುಬಿದ್ದಿರುತ್ತದೆ. ಅದನ್ನು ನೋಡಿಯೇ ಕೊಳ್ಳಿ. ಪರಿಚಯದವರ ತೋಟದಲ್ಲಿ ಮರವಿದ್ದರೆ ಬೀಜ ಬಿದ್ದ ಕೂಡಲೇ ಬಿತ್ತಬೇಕು, ಒಣಗಿದರೆ ಅದು ಬೇಗನೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಈಶ್ವರಿ ಬಳ್ಳಿಯನ್ನು ಮಕ್ಕಳ ಕೈಗೆ ಸಿಗದ ಕಡೆ ಹಬ್ಬಿಸಿ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡಕ್ಕೆ ವಿಷ, ಮನೆಮದ್ದಿಗೂ ಬಳಸಬೇಡಿ.