ದೂರದ ಆಸ್ಪತ್ರೆಯಲ್ಲಿ ಥೈರಾಯ್ಡ್ ತಜ್ಞರ ಮೊದಲ ಭೇಟಿ: ಏನು ಒಯ್ಯಬೇಕು, ಏನು ಮೊದಲೇ ಮಾಡಿಸಬೇಕು?

ಹಸಿರುಗಡಿ:

ಅಮ್ಮನಿಗೆ 58 ವರ್ಷ. ಕುತ್ತಿಗೆಯ ಬಲಗಡೆ ಥೈರಾಯ್ಡ್ ಗಂಟು ಕಾಣಿಸಿಕೊಂಡಿದೆ. ಅಲ್ಟ್ರಾಸೌಂಡ್ ಆಗಿದೆ, ಸಣ್ಣ ಸೂಜಿಯಿಂದ ಗಂಟಿನ ಜೀವಕೋಶ ತೆಗೆದು ನೋಡುವ ಎಫ್‌ಎನ್‌ಎಸಿಯನ್ನೂ ಮಾಡಿದ್ದಾರೆ. ರಿಪೋರ್ಟಿನಲ್ಲಿ ‘ಬೆಥೆಸ್ಡಾ 3’ ಎಂದಿದೆ. ದೊಡ್ಡ ಆಸ್ಪತ್ರೆಯೊಂದರ ಎಂಡೋಕ್ರೈನ್ ಸರ್ಜನ್ (ಥೈರಾಯ್ಡಿನಂಥ ಗ್ರಂಥಿಗಳ ಆಪರೇಷನ್ ಮಾಡುವವರು) ಹತ್ತಿರ ಮೂರು ವಾರ ಬಿಟ್ಟು ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅಲ್ಲಿಗೆ ಹೋಗಲು ಒಂದು ಇಡೀ ರಾತ್ರಿಯ ಪ್ರಯಾಣ. ಪದೇ ಪದೇ ಓಡಾಡುವಷ್ಟು ಶಕ್ತಿ ಅವರಿಗಿಲ್ಲ.

ಅವರಿಗೆ ಶುಗರ್ ಇದೆ: ಮೆಟ್‌ಫಾರ್ಮಿನ್ ಜೊತೆಗೆ ರಾತ್ರಿ ಇನ್ಸುಲಿನ್. ಹೃದಯಕ್ಕೆ ಸ್ಟೆಂಟ್ ಹಾಕಿರುವುದರಿಂದ ಆಸ್ಪಿರಿನ್ ಕೂಡ ನಡೆಯುತ್ತಿದೆ. ಆಸ್ಪತ್ರೆಯವರು ‘ಎಲ್ಲ ರಿಪೋರ್ಟ್ ತನ್ನಿ’ ಎಂದಷ್ಟೇ ಹೇಳಿದ್ದಾರೆ. ಎಲ್ಲ ಎಂದರೆ ಏನೇನು? ಹೋಗುವ ಮೊದಲು ಸಿಟಿ ಸ್ಕ್ಯಾನ್ ಮಾಡಿಸಿಬಿಡುವುದು ಒಳ್ಳೆಯದೆಂದು ಪರಿಚಯದವರು ಹೇಳುತ್ತಿದ್ದಾರೆ, ಮಾಡಿಸಲೇ? ಆ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆ?

ಗಾಜುಪಟ್ಟಿ:

ಮೊದಲು ಸ್ಲೈಡ್‌ಗಳ (ಸೂಜಿಯಲ್ಲಿ ಬಂದ ಜೀವಕೋಶಗಳನ್ನು ಹರಡಿದ ಗಾಜುಗಳ) ವಿಷಯ ನೋಡಿ, ಉಳಿದದ್ದೆಲ್ಲ ಆಮೇಲೆ. ಎಫ್‌ಎನ್‌ಎಸಿ ಫಲಿತಾಂಶವನ್ನು ವಿಂಗಡಿಸುವ ಬೆಥೆಸ್ಡಾ ಪದ್ಧತಿಯಲ್ಲಿ ಒಟ್ಟು 6 ವರ್ಗಗಳಿವೆ. 3ನೆಯದು ಬಂದರೆ, ಕಂಡ ಜೀವಕೋಶಗಳನ್ನು ನೋಡಿ ಕ್ಯಾನ್ಸರ್ ಹೌದು ಅಥವಾ ಅಲ್ಲ ಎಂದು ಖಚಿತವಾಗಿ ಹೇಳಲು ಆಗಲಿಲ್ಲ ಎಂದರ್ಥ. ಒಬ್ಬ ಪೆಥಾಲಜಿಸ್ಟ್ (ಜೀವಕೋಶ ಪರೀಕ್ಷಿಸುವ ವೈದ್ಯರು) 3 ಎಂದದ್ದನ್ನು ಇನ್ನೊಬ್ಬರು ನೋಡಿ 2 ಅಥವಾ 4 ಎನ್ನುವುದು ಈ ವರ್ಗದಲ್ಲಿ ಸಾಮಾನ್ಯ. ಅದರ ಮೇಲೆ ಮುಂದಿನ ದಾರಿಯೇ ಬದಲಾಗುತ್ತದೆ. ಹಾಗಾಗಿ ದೊಡ್ಡ ಆಸ್ಪತ್ರೆಯ ಸರ್ಜನ್ ಆ ಒಂದು ಹಾಳೆ ರಿಪೋರ್ಟ್ ನಂಬಿ ತೀರ್ಮಾನ ಹೇಳುವುದು ಕಡಿಮೆ. ತಮ್ಮಲ್ಲಿಯ ಪೆಥಾಲಜಿಸ್ಟ್ ಮೂಲ ಸ್ಲೈಡ್ ನೋಡಲಿ ಎನ್ನುತ್ತಾರೆ. ಸ್ಲೈಡ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಆ ದಿನದ ಭೇಟಿ ಅಲ್ಲಿಗೇ ನಿಂತುಹೋಗುತ್ತದೆ.

ಎಫ್‌ಎನ್‌ಎಸಿ ಮಾಡಿದ ಲ್ಯಾಬಿಗೆ ಈ ವಾರವೇ ಹೋಗಿ, ಬರವಣಿಗೆಯಲ್ಲಿ ಕೇಳಿ. ರೋಗಿಯ ಹೆಸರು, ಲ್ಯಾಬ್ ನಂಬರು, ಪರೀಕ್ಷೆಯ ದಿನಾಂಕ, ಯಾವ ಆಸ್ಪತ್ರೆಗೆ ಒಯ್ಯುತ್ತೀರಿ ಎಂಬುದು ಅದರಲ್ಲಿರಲಿ. ಅಮ್ಮನ ಸಹಿ, ಗುರುತಿನ ಚೀಟಿಯ ಪ್ರತಿ ಬೇಕಾಗಬಹುದು. ಹಳೆಯ ಸ್ಲೈಡ್‌ಗಳನ್ನು ಉಗ್ರಾಣದಿಂದ ಹುಡುಕಿ ತೆಗೆಯಲು ಕೆಲವು ದಿನ ಹಿಡಿಯುತ್ತದೆ, ಹೊರಡುವ ಹಿಂದಿನ ದಿನ ಕೇಳಿದರೆ ಸಿಗುವುದಿಲ್ಲ.

‘ಎಲ್ಲ ಸ್ಲೈಡ್ ಕೊಡಿ’ ಎಂದೇ ಕೇಳಬೇಕು. ಸಾಮಾನ್ಯವಾಗಿ ಕೆಲವನ್ನು ಗಾಳಿಗೆ ಒಣಗಿಸಿ ಗೀಮ್ಸಾ ಬಣ್ಣ ಹಾಕಿರುತ್ತಾರೆ, ಕೆಲವನ್ನು ಆಲ್ಕೋಹಾಲಿನಲ್ಲಿ ಅದ್ದಿ ಪ್ಯಾಪ್ ಬಣ್ಣ ಹಾಕಿರುತ್ತಾರೆ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ. ಒಂದೇ ‘ಒಳ್ಳೆಯ’ ಸ್ಲೈಡ್ ಆರಿಸಿ ಕೊಟ್ಟರೆ ಮರುಪರಿಶೀಲನೆ ಅರೆಬರೆ ಆಗುತ್ತದೆ. ‘ಸೆಲ್ ಬ್ಲಾಕ್ ಮಾಡಿದ್ದೀರಾ?’ ಎಂದೂ ಕೇಳಿ. ಮಾಡಿದ್ದರೆ ಅದು ಪ್ಯಾರಾಫಿನ್ ಮೇಣದ ಸಣ್ಣ ತುಂಡು, ಅದರಿಂದ ಮತ್ತೆ ಪದರ ಕತ್ತರಿಸಿ ಹೊಸ ಸ್ಲೈಡ್ ಮಾಡಬಹುದು. ಮಾಡಿಲ್ಲವೆಂದರೆ ಆ ಗಾಜುಗಳ ಹೊರತು ಬೇರೆ ಮೂಲವೇ ಇಲ್ಲ, ಒಡೆದರೆ ಅಮ್ಮನಿಗೆ ಮತ್ತೆ ಸೂಜಿ.

ಗಾಜಿನ ತುದಿಯಲ್ಲಿ ಬರೆದ ನಂಬರು ರಿಪೋರ್ಟಿನ ಲ್ಯಾಬ್ ನಂಬರಿಗೆ ತಾಳೆಯಾಗುತ್ತದೆಯೇ ಎಂದು ಕೌಂಟರಿನಲ್ಲೇ ನಿಂತು ನೋಡಿಕೊಳ್ಳಿ. ಒಂದು ಅಂಕಿ ತಪ್ಪಿದ್ದರೂ ಅಲ್ಲಿನವರು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳದಿರುವುದೇ ಸರಿ. ಒಯ್ಯುವಾಗ ಗಟ್ಟಿ ಪ್ಲಾಸ್ಟಿಕ್ ಸ್ಲೈಡ್ ಡಬ್ಬಿ ಬೇಕು, ಪ್ರತಿ ಗಾಜಿಗೂ ಬೇರೆ ಸಂದು ಇರುವಂಥದ್ದು. ಕಾಗದದಲ್ಲಿ ಒಟ್ಟಿಗೆ ಸುತ್ತಬೇಡಿ, ಗಾಜಿನ ಮೇಲೆ ಟೇಪ್ ಅಂಟಿಸಬೇಡಿ, ಮಸುಕಾಗಿದೆ ಎಂದು ಒರೆಸಬೇಡಿ. ಬ್ಲಾಕ್ ಇದ್ದರೆ ಬಿಸಿಲು ಬೀಳುವ ವಾಹನದೊಳಗೆ ಬಿಟ್ಟುಹೋಗಬೇಡಿ, ಮೇಣ ಮೆತ್ತಗಾಗುತ್ತದೆ. ಎರಡೂ ಕೈಚೀಲದಲ್ಲೇ ಇರಲಿ.

ಇನ್ನೊಂದು ಮಾತು. ಹೋಗುವ ಮೊದಲು ಇಲ್ಲೇ ಎರಡನೆಯ ಸಲ ಎಫ್‌ಎನ್‌ಎಸಿ ಮಾಡಿಸಲು ಹೋಗಬೇಡಿ. ಬೇಕೆನಿಸಿದರೆ ಅಲ್ಲಿಯವರೇ ಅಲ್ಟ್ರಾಸೌಂಡ್ ನೋಡುತ್ತ ಮಾಡುತ್ತಾರೆ. ಗಂಟಿನ ಜೀವಕೋಶಗಳ ಜೀನ್ ಪರೀಕ್ಷೆಗೆ ಮಾದರಿ ಬೇಕಿದ್ದರೆ ಅದೇ ಚುಚ್ಚಿನಲ್ಲಿ ತೆಗೆದುಕೊಳ್ಳಬಹುದು.

ಸ್ಕ್ಯಾನ್‌ಕೋಣೆ:

ಸಿಟಿ ಬಗ್ಗೆ: ತಜ್ಞರು ಹೇಳದೆ ಮಾಡಿಸಬೇಡಿ. ಕುತ್ತಿಗೆಯ ಸಿಟಿಗೆ ಸಾಮಾನ್ಯವಾಗಿ ಅಯೋಡಿನ್ ಇರುವ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಹಾಕುವ ದ್ರವ) ಚುಚ್ಚುತ್ತಾರೆ. ಆ ಅಯೋಡಿನ್ ಥೈರಾಯ್ಡ್ ತುಂಬಿಕೊಂಡು ಕೂತರೆ ರೇಡಿಯೋ ಅಯೋಡಿನ್ ಸ್ಕ್ಯಾನ್ ಆಗಲಿ ಚಿಕಿತ್ಸೆ ಆಗಲಿ ಸಾಮಾನ್ಯವಾಗಿ 4ರಿಂದ 8 ವಾರ ಕಾಯಬೇಕಾಗುತ್ತದೆ. ಗಂಟು ತುಂಬ ದೊಡ್ಡದಿದ್ದರೆ, ಎದೆಗೂಡಿನೊಳಗೆ ಇಳಿದಿದ್ದರೆ, ಶ್ವಾಸನಾಳ ಒತ್ತುತ್ತಿದ್ದರೆ ಸರ್ಜನ್ನರೇ ಸಿಟಿ ಬರೆಯುತ್ತಾರೆ. ಆಗ ಬೇಡ ಎನ್ನಬೇಡಿ, ಅವರಿಗೆ ಆ ಲೆಕ್ಕ ಗೊತ್ತಿರುತ್ತದೆ. ‘ಇರಲಿ, ಒಂದು ಮಾಡಿಸಿಕೊಂಡು ಹೋಗೋಣ’ ಎನ್ನುವ ಸಿಟಿ ಮಾತ್ರ ಬೇಡ. ಕಳೆದ ಕೆಲವು ತಿಂಗಳಲ್ಲಿ ಆಂಜಿಯೋಗ್ರಾಮ್ ಆಗಿದ್ದರೆ ಅದರಲ್ಲಿ ಹಾಕುವುದೂ ಇದೇ ಬಗೆಯ ಕಾಂಟ್ರಾಸ್ಟ್, ದಿನಾಂಕ ಬರೆದುಕೊಂಡು ಹೋಗಿ.

ಅಲ್ಟ್ರಾಸೌಂಡನ್ನು ಅಲ್ಲಿ ಬಹುಶಃ ಮತ್ತೆ ಮಾಡುತ್ತಾರೆ, ಅದಕ್ಕೆ ಬೇಸರಿಸಬೇಡಿ. ಯಂತ್ರ ಹಿಡಿದವರ ಕೈಯ ಮೇಲೆ ಅವಲಂಬಿಸಿದ ಪರೀಕ್ಷೆ ಅದು. ಆದರೂ ಹಳೆಯ ರಿಪೋರ್ಟ್ ಬೇಕು: ಗಂಟಿನ ಅಳತೆ ಮೂರು ದಿಕ್ಕಿನಲ್ಲೂ ಮಿಲಿಮೀಟರಿನಲ್ಲಿ ಇದೆಯೇ, ಟಿರಾಡ್ಸ್ ವರ್ಗ (ಅಲ್ಟ್ರಾಸೌಂಡಿನಲ್ಲಿ ಗಂಟು ಎಷ್ಟು ಅನುಮಾನಾಸ್ಪದ ಎಂದು ಹೇಳುವ ಅಂಕ) ಬರೆದಿದ್ದಾರೆಯೇ, ಕುತ್ತಿಗೆಯ ಎರಡೂ ಬದಿಯ ಲಿಂಫ್ ಗ್ರಂಥಿ ನೋಡಿದ್ದಾರೆಯೇ ಎಂದು ಓದಿ ನೋಡಿ. ಎರಡು ವರ್ಷದ ಹಿಂದಿನ ಅಲ್ಟ್ರಾಸೌಂಡ್ ಇದ್ದರೆ ಅದಕ್ಕೆ ಬೆಲೆ ಜಾಸ್ತಿ, ಗಂಟು ಬೆಳೆದಿದೆಯೋ ಇಲ್ಲವೋ ಎಂಬುದು ಅದರಿಂದಲೇ ತಿಳಿಯುವುದು.

ಹಳೆಯ ಸಿಟಿ, ಎಂಆರ್‌ಐ ಏನಾದರೂ ಇದ್ದರೆ ಫಿಲ್ಮಿನ ಫೋಟೊ ಹೊಡೆದು ಮೊಬೈಲಿನಲ್ಲಿ ಒಯ್ಯುವುದು ವ್ಯರ್ಥ. ಸ್ಕ್ಯಾನ್ ಯಂತ್ರದ ಮೂಲ ಚಿತ್ರಗಳಿರುವ ಡೈಕಾಮ್ ಫೈಲಿನಲ್ಲಿ ವೈದ್ಯರು ಬೆಳಕು, ಅಳತೆ, ಪದರ ಎಲ್ಲವನ್ನೂ ತಮಗೆ ಬೇಕಾದಂತೆ ಬದಲಾಯಿಸಿ ನೋಡಬಹುದು, ಫೋಟೊದಲ್ಲಿ ಅದು ಸಾಧ್ಯವಿಲ್ಲ. ಸಿಡಿ ಕೇಳುವಾಗ ‘ಪೂರ್ತಿ ಡೈಕಾಮ್ ಬೇಕು’ ಎನ್ನಿ. ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಸಿಟಿ ಎಂದರೆ ನೂರಾರು ಚಿತ್ರಗಳಿರಬೇಕು. ಹತ್ತಿಪ್ಪತ್ತೇ ಇದ್ದರೆ ಆಯ್ದ ಚಿತ್ರಗಳನ್ನಷ್ಟೇ ಹಾಕಿಕೊಟ್ಟಿದ್ದಾರೆ, ವಾಪಸ್ ಹೋಗಿ ಕೇಳಿ. ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಕೊಳ್ಳುವಾಗ ಒಳಗಿನ ಚಿತ್ರಗಳನ್ನು ಮಾತ್ರ ಆರಿಸಬೇಡಿ, ಸಿಡಿಯಲ್ಲಿರುವ ಎಲ್ಲ ಫೋಲ್ಡರುಗಳನ್ನು ಇದ್ದ ಹಾಗೆಯೇ ನಕಲು ಮಾಡಿ. ವೈರಸ್ ಭಯಕ್ಕೆ ಹೊರಗಿನ ಪೆನ್‌ಡ್ರೈವ್ ಮುಟ್ಟದ ಆಸ್ಪತ್ರೆಗಳಿವೆ, ಸಿಡಿ ಓದುವ ಯಂತ್ರವೇ ಇಲ್ಲದ ಕೋಣೆಗಳೂ ಇವೆ. ಎರಡೂ ಕೈಯಲ್ಲಿರಲಿ.

ಹಸಿರುಗಡಿ:

ಇಬ್ಬರಿಗೂ ಧನ್ಯವಾದ. ಸಿಟಿ ಕೈಬಿಟ್ಟೆವು. ಆಸ್ಪಿರಿನ್ ಬಗ್ಗೆ ಗೊಂದಲ ಇದೆ. ಅಲ್ಲಿ ಮತ್ತೆ ಸೂಜಿ ಹಾಕಬಹುದು ಎಂದರೆ ಒಂದು ವಾರ ಮೊದಲೇ ನಿಲ್ಲಿಸಬೇಕಲ್ಲವೇ? ಕೂದಲು ಉದುರುತ್ತದೆಂದು ಒಂದು ವಿಟಮಿನ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಾರೆ.

ಮಾತ್ರೆಪೆಟ್ಟಿಗೆ:

ಆಸ್ಪಿರಿನ್ ನೀವಾಗಿ ನಿಲ್ಲಿಸಲೇಬೇಡಿ. ಸ್ಟೆಂಟ್ ಇರುವವರು ಯಾರನ್ನೂ ಕೇಳದೆ ನಿಲ್ಲಿಸಿದರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಥೈರಾಯ್ಡಿಗೆ ಹಾಕುವ ಸೂಜಿ ಸಣ್ಣದು, ಆಸ್ಪಿರಿನ್ ನಡೆಯುತ್ತಿರುವಾಗಲೇ ಅದನ್ನು ಮಾಡುವುದು ರೂಢಿಯಲ್ಲಿದೆ. ಆಪರೇಷನ್ ಎಂದಾದರೆ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ಸರ್ಜನ್ನರು ಹೃದಯದ ವೈದ್ಯರ ಜೊತೆ ಮಾತಾಡಿ ಹೇಳುತ್ತಾರೆ. ಅದಕ್ಕೆ ಸ್ಟೆಂಟ್ ಕಾರ್ಡ್ ಬೇಕು: ಹಾಕಿದ ದಿನಾಂಕ, ಯಾವ ಬಗೆಯದು, ಎಷ್ಟು ಎಂಬುದು ಅದರಲ್ಲಿರುತ್ತದೆ. ಕಾರ್ಡ್ ಕಳೆದಿದ್ದರೆ ಆಗಿನ ಡಿಸ್ಚಾರ್ಜ್ ಸಾರಾಂಶ ಹುಡುಕಿ.

ಆ ಕೂದಲಿನ ಮಾತ್ರೆಯ ಡಬ್ಬಿ ತಿರುಗಿಸಿ ನೋಡಿ, ಹೆಚ್ಚಾಗಿ ಬಯೋಟಿನ್ ಇರುತ್ತದೆ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ರಕ್ತಪರೀಕ್ಷೆಯನ್ನೇ ಕೆಡಿಸುತ್ತದೆ. ಹಲವು ಲ್ಯಾಬ್ ಯಂತ್ರಗಳ ರಾಸಾಯನಿಕ ಕ್ರಿಯೆ ನಿಂತಿರುವುದೇ ಬಯೋಟಿನ್ ಅಂಟಿಕೊಳ್ಳುವ ಗುಣದ ಮೇಲೆ. ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಎನ್ನುವ ಹಾರ್ಮೋನು) ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನು) ಹೆಚ್ಚಾಗಿಯೂ ತೋರಿಸಿ, ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದೆ ಎನ್ನುವ ಸುಳ್ಳು ಚಿತ್ರ ಬರಬಹುದು. ರಕ್ತ ಕೊಡುವ ಮೊದಲು ಕನಿಷ್ಠ 2 ದಿನ ನಿಲ್ಲಿಸಿ. ಈಗಾಗಲೇ ಕೈಯಲ್ಲಿರುವ ಟಿಎಸ್‌ಎಚ್ ರಿಪೋರ್ಟ್ ಆ ಮಾತ್ರೆ ನಡೆಯುತ್ತಿದ್ದಾಗಿನದಾದರೆ ಅದನ್ನೂ ವೈದ್ಯರಿಗೆ ಹೇಳಿ.

ಖಾಲಿ ಹೊಟ್ಟೆ ಬೇಡ. ಟಿಎಸ್‌ಎಚ್‌ಗಾಗಲಿ ಅಲ್ಟ್ರಾಸೌಂಡಿಗಾಗಲಿ ಎಫ್‌ಎನ್‌ಎಸಿಗಾಗಲಿ ಉಪವಾಸದ ಅಗತ್ಯವಿಲ್ಲ. ಹಿಂದಿನ ರಾತ್ರಿ ಇನ್ಸುಲಿನ್ ತೆಗೆದುಕೊಂಡವರು ತಿನ್ನದೆ ಮಧ್ಯಾಹ್ನದವರೆಗೆ ಸಾಲಿನಲ್ಲಿ ಕೂತರೆ ಶುಗರ್ ಇಳಿದುಬಿಡಬಹುದು. ಗ್ಲುಕೋಮೀಟರ್, ಪಟ್ಟಿಗಳು, ಗ್ಲುಕೋಸ್ ಪುಡಿ ಅಥವಾ ಸಕ್ಕರೆ, ತಿನ್ನಲು ಏನಾದರೂ ಅಮ್ಮನ ಕೈಚೀಲದಲ್ಲೇ ಇರಲಿ. ಇನ್ಸುಲಿನ್ನನ್ನು ಮಂಜುಗಡ್ಡೆಗೆ ತಾಗಿಸಿ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಕೆಲಸ ಮಾಡುವುದಿಲ್ಲ, ಎಸೆಯಬೇಕು. ತೆರೆದು ಬಳಸುತ್ತಿರುವ ಪೆನ್ನು ಬಿಸಿಲು ತಾಗದ ಕಡೆ ಹೊರಗೇ ಇರಬಹುದು. ಉಳಿಯುವ ದಿನಗಳಿಗಿಂತ ಒಂದು ವಾರದ ಔಷಧಿ ಹೆಚ್ಚಿಗೆ ಇಟ್ಟುಕೊಳ್ಳಿ.

ಮಾತ್ರೆಗಳ ಪಟ್ಟಿಯಲ್ಲಿ ಕಂಪನಿ ಹೆಸರಿನ ಜೊತೆ ಒಳಗಿನ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವಾಗಿನಿಂದ ಎಂದು ಬರೆಯಿರಿ. ಯಾವುದಾದರೂ ಔಷಧಿ ಒಗ್ಗದಿದ್ದರೆ ‘ಅಲರ್ಜಿ’ ಎಂದಷ್ಟೇ ಬರೆದರೆ ಸಾಲದು. ಮೈಮೇಲೆ ದದ್ದು ಎದ್ದಿತೋ, ಮುಖ ಊದಿತೋ, ಉಸಿರು ಕಟ್ಟಿತೋ, ಬರೀ ಹೊಟ್ಟೆ ಕೆಟ್ಟಿತೋ? ಕೊನೆಯದಕ್ಕೂ ಉಳಿದವಕ್ಕೂ ತುಂಬ ವ್ಯತ್ಯಾಸ ಇದೆ. ಮೆಟ್‌ಫಾರ್ಮಿನ್ ಇರುವುದರಿಂದ ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ಜೊತೆಗಿರಲಿ. ಮುಂದೆ ಕಾಂಟ್ರಾಸ್ಟ್ ಬೇಕಾದರೆ ಮೊದಲು ಕೇಳುವುದೇ ಅದನ್ನು.

ಓಪಿಡಿಮೇಜು:

ಫೋನು ಮಾಡಿ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಒಂದು, ಸ್ಲೈಡ್ ಮರುಪರಿಶೀಲನೆಗೆ ಎಷ್ಟು ದಿನ ಬೇಕು, ಅಪಾಯಿಂಟ್‌ಮೆಂಟಿಗೆ ಮೊದಲೇ ಕೊರಿಯರಿನಲ್ಲಿ ಕಳಿಸಿದರೆ ತೆಗೆದುಕೊಳ್ಳುತ್ತಾರೆಯೇ. ಅದೇ ದಿನ ಸ್ಲೈಡ್ ಕೊಟ್ಟರೆ ಫಲಿತಾಂಶ ಬರುವುದು ನೀವು ಊರಿಗೆ ಮರಳಿದ ಮೇಲೆಯೇ. ಮೊದಲೇ ಕಳಿಸಲು ಆಗದಿದ್ದರೆ, ಸ್ಲೈಡ್ ಒಬ್ಬರೇ ಹೋಗಿ ಕೊಟ್ಟು ಬಂದು ಅಮ್ಮನ ಭೇಟಿಯನ್ನು ಒಂದು ವಾರ ಮುಂದಕ್ಕೆ ಹಾಕಿಸಿಕೊಳ್ಳುವುದೇ ಲೇಸು. ಎರಡು, ಅಪಾಯಿಂಟ್‌ಮೆಂಟ್ ಸಮಯ ಎಂದು ಕೊಟ್ಟಿರುವುದು ನೋಂದಣಿಯ ಸಮಯವೋ ವೈದ್ಯರ ಸಮಯವೋ. ಹೊಸ ರೋಗಿಗೆ ನೋಂದಣಿ, ಫೈಲ್, ತೂಕ, ಬಿಪಿ ಎಂದು ಅದಕ್ಕೂ ಮೊದಲೇ ಸಾಕಷ್ಟು ಹೊತ್ತು ಹೋಗುತ್ತದೆ. ವಾಪಸ್ ಟಿಕೆಟ್ ಅದೇ ರಾತ್ರಿಗೆ ಮಾಡಬೇಡಿ, ಎರಡು ದಿನ ಕೈಯಲ್ಲಿರಲಿ.

ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಗುರುತಿನ ಚೀಟಿ, ಉಲ್ಲೇಖ ಪತ್ರ (ನಿಮ್ಮ ಡಾಕ್ಟರು ಅಲ್ಲಿಗೆ ಕಳಿಸುತ್ತ ಬರೆದ ಪತ್ರ), ಎಫ್‌ಎನ್‌ಎಸಿ ರಿಪೋರ್ಟ್ ಮೂರರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಈಗಲೇ ಲ್ಯಾಬಿನಲ್ಲಿ ತಿದ್ದಿಸಿಕೊಳ್ಳಿ.

ಫೈಲಿನ ಮೇಲೆ ಒಂದೇ ಒಂದು ಹಾಳೆ ಇಡಿ. ಗಂಟು ಯಾವಾಗ ಕಂಡಿತು, ಅಳತೆ, ಎಫ್‌ಎನ್‌ಎಸಿ ದಿನಾಂಕ ಮತ್ತು ಫಲಿತಾಂಶ, ಇರುವ ಕಾಯಿಲೆಗಳು, ಮಾತ್ರೆ, ಅಲರ್ಜಿ. ಥೈರಾಯ್ಡಿನವರು ಕೇಳಿಯೇ ಕೇಳುವ ಕೆಲವು ಪ್ರಶ್ನೆಗಳಿವೆ, ಅವಕ್ಕೆ ಉತ್ತರವನ್ನು ಮನೆಯಲ್ಲೇ ಯೋಚಿಸಿ ಬರೆದಿಟ್ಟುಕೊಳ್ಳಿ: ಧ್ವನಿ ಒಡೆದಿದೆಯೇ, ನುಂಗಲು ಅಥವಾ ಮಲಗಿದಾಗ ಉಸಿರಾಡಲು ಕಷ್ಟವೇ, ಗಂಟು ಇತ್ತೀಚೆಗೆ ಬೇಗ ಬೆಳೆಯಿತೇ, ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿತ್ತೇ. ಧ್ವನಿ ಬದಲಾಗಿದೆ ಎಂದರೆ ಧ್ವನಿತಂತುಗಳನ್ನು ನೋಡಲು ಕ್ಯಾಮೆರಾ ಪರೀಕ್ಷೆ ಬರೆಯುತ್ತಾರೆ. ಮೊದಲೇ ಹೇಳಿದರೆ ಅದೇ ದಿನ ಮುಗಿಯಬಹುದು.

ಒಳಗೆ ಹೋದಾಗ ಮಾತಾಡುವವರು ಒಬ್ಬರೇ ಇರಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಅಮ್ಮನಿಗೆ ಹೇಳಲು ಅವಕಾಶ ಕೊಡಿ, ನೋವು, ಒತ್ತಡ ಗೊತ್ತಿರುವುದು ಅವರಿಗೆ. ನೀವು ಕೇಳಬೇಕಾದದ್ದು: ಮತ್ತೆ ಸೂಜಿ ಹಾಕುವುದೋ, ಜೀನ್ ಪರೀಕ್ಷೆಯೋ, ಕೆಲವು ತಿಂಗಳು ಅಲ್ಟ್ರಾಸೌಂಡಿನಲ್ಲಿ ಗಮನಿಸುವುದೋ, ಆಪರೇಷನ್ನೋ? ಆಪರೇಷನ್ ಎಂದರೆ ಅರ್ಧ ಗ್ರಂಥಿಯೋ ಪೂರ್ತಿಯೋ? ಪೂರ್ತಿ ತೆಗೆದರೆ ಜೀವನಪರ್ಯಂತ ಮಾತ್ರೆ, ಅರ್ಧವಾದರೆ ಹಲವರಿಗೆ ಅದು ಬೇಕಾಗುವುದಿಲ್ಲ. ಮುಂದಿನ ಭೇಟಿ ವಿಡಿಯೊ ಕರೆಯಲ್ಲಿ ಆಗುತ್ತದೆಯೇ, ರಕ್ತಪರೀಕ್ಷೆ ಊರಿನಲ್ಲೇ ಮಾಡಿಸಬಹುದೇ ಎಂದೂ ಕೇಳಿ. ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆಸಿಕೊಳ್ಳಿ, ನಿಮ್ಮ ಡಾಕ್ಟರು ಮುಂದುವರಿಸಲು ಅದು ಬೇಕು.

ಹಸಿರುಗಡಿ:

ಲ್ಯಾಬಿನವರು ಒಟ್ಟು ನಾಲ್ಕು ಸ್ಲೈಡ್ ಇವೆ, ಎರಡನ್ನು ಮಾತ್ರ ಕೊಡುತ್ತೇವೆ, ಉಳಿದವು ತಮ್ಮ ದಾಖಲೆಗೆ ಬೇಕು ಎನ್ನುತ್ತಿದ್ದಾರೆ. ಸೆಲ್ ಬ್ಲಾಕ್ ಮಾಡಿಲ್ಲವಂತೆ.

ಗಾಜುಪಟ್ಟಿ:

ದಾಖಲೆ ಇಟ್ಟುಕೊಳ್ಳುವುದು ಅವರ ಹೊಣೆ, ಕೇಳುವುದರಲ್ಲಿ ತಪ್ಪಿಲ್ಲ. ನಾಲ್ಕನ್ನೂ ಎರವಲಾಗಿ ಕೇಳಿ: ವಾಪಸ್ ಕೊಡುವ ದಿನಾಂಕ ಹಾಕಿ ಸಹಿ ಮಾಡಿಕೊಡುತ್ತೇವೆ ಎನ್ನಿ. ಅದಕ್ಕೂ ಒಪ್ಪದಿದ್ದರೆ ಲ್ಯಾಬಿನಿಂದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ನೇರವಾಗಿ ಕಳಿಸಿಕೊಡುತ್ತೀರಾ ಎಂದು ಕೇಳಿ. ಆಗ ಜವಾಬ್ದಾರಿ ಎರಡು ಲ್ಯಾಬ್‌ಗಳ ನಡುವೆ ಇರುತ್ತದೆ, ಎಷ್ಟೋ ಲ್ಯಾಬಿನವರು ಅದಕ್ಕೆ ಒಪ್ಪುತ್ತಾರೆ. ಕೊನೆಗೂ ಎರಡೇ ಸಿಗುವುದಾದರೆ ಗೀಮ್ಸಾ ಒಂದು, ಪ್ಯಾಪ್ ಒಂದು ಇರುವಂತೆ ನೋಡಿಕೊಳ್ಳಿ, ಜೀವಕೋಶ ಹೆಚ್ಚಿರುವವನ್ನು ಅವರ ಪೆಥಾಲಜಿಸ್ಟರೇ ಆರಿಸಿಕೊಡಲಿ. ಇನ್ನೆರಡು ಲ್ಯಾಬಿನಲ್ಲಿವೆ ಎಂದು ಉಲ್ಲೇಖ ಪತ್ರದ ಕೆಳಗೆ ಒಂದು ಸಾಲು ಬರೆಸಿಕೊಳ್ಳಿ.