ಸಹಾಯ ಬೇಕು: ಫಿಶ್ ಫೈಂಡರ್ ಕೇಬಲ್ ತುದಿಗೆ ಪದೇ ಪದೇ ಕಿಲುಬು

ಸಮುದ್ರದಿಂದ ಬಂದ ಕೂಡಲೇ ಫಿಶ್ ಫೈಂಡರ್ (ನೀರಿನಡಿಯ ಮೀನು, ಆಳವನ್ನು ಪರದೆಯಲ್ಲಿ ತೋರಿಸುವ ಸಾಧನ) ಕಳಚಿ, ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಮನೆಯೊಳಗೆ ಇಡುತ್ತೇನೆ. ಅದಕ್ಕೇನೂ ಆಗಿಲ್ಲ. ತೊಂದರೆ ಇರುವುದು ದೋಣಿಯಲ್ಲೇ ಉಳಿಯುವ ಕೇಬಲ್ ತುದಿಯಲ್ಲಿ. ಪಿನ್‌ಗಳ ಬುಡದಲ್ಲಿ ಹಸಿರು ಕಿಲುಬು ಕೂರುತ್ತಿದೆ. ಅಲೆಗೆ ದೋಣಿ ಅಲುಗಿದರೆ ಸಾಕು, ಪರದೆ ಆರಿಹೋಗುತ್ತದೆ. ದಡ ಕಾಣದ ಕಡೆ ಹಾಗಾದಾಗ ಜೀವ ಬಾಯಿಗೆ ಬರುತ್ತದೆ.

ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಸಣ್ಣ ಬ್ರಶ್‌ನಿಂದ ಉಜ್ಜಿದೆ. ಉಪ್ಪಿನ ಪಸೆಗೆ ವಿದ್ಯುತ್ ಸೇರಿದರೆ ಕಿಲುಬು ಬೇಗ ಹಿಡಿಯುತ್ತದೆಂದು ಬ್ಯಾಟರಿ ಸಂಪರ್ಕವನ್ನೂ ತೆಗೆದಿಟ್ಟೆ. ರಬ್ಬರ್ ಮುಚ್ಚಳ ಹಾಕಿದರೆ ಅದರೊಳಗೇ ತೇವ ನಿಲ್ಲುತ್ತಿದೆ.

ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ ಎನ್ನುತ್ತಾರೆ. ಆದರೆ ಅದು ವಿದ್ಯುತ್ ಹರಿಯಬಿಡದ ವಸ್ತು. ನನ್ನ ಗೊಂದಲ ಅಲ್ಲೇ. ಅದನ್ನು ಪಿನ್‌ಗಳ ಮೇಲೆಯೇ ತೆಳುವಾಗಿ ಹಚ್ಚಬೇಕೇ, ಸುತ್ತಲಿನ ರಬ್ಬರ್ ಸೀಲ್‌ಗೆ ಮಾತ್ರವೇ? ಬಳಸಿ ನೋಡಿದವರು ದಯವಿಟ್ಟು ತಿಳಿಸುವಿರಾ?